ಮನೆಯಂಗಳದಲ್ಲೇ ಬೈಕ್ ಚೈನ್ ಸೆಟ್ ಬದಲಾಯಿಸುವುದು ಹೇಗೆ: ಮಂಡ್ಯ ರಸ್ತೆಗಳಲ್ಲಿ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯದ ಸುತ್ತಮುತ್ತ ಓಡುವ ಬೈಕ್‌ನ ಚೈನ್‌ಗೆ ವರ್ಷವಿಡೀ ಒಂದಲ್ಲ ಒಂದು ಕಾಟ. ನಾಟಿ ಕಾಲದಲ್ಲಿ ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರ್ ಚಕ್ರದ ಕೆಸರೆಲ್ಲ ಡಾಂಬರಿನ ಮೇಲೆ ಬಿದ್ದಿರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಅದೇ ಕೆಸರು ಧೂಳು. ಕಬ್ಬು ಅರೆಯುವ ಕಾಲ ಬಂತೆಂದರೆ ದಾರಿ ತುಂಬ ಸೋಗೆ, ಮಣ್ಣು. ನಾಲೆ ಏರಿ ಮೇಲಿನ ರಸ್ತೆಗಳ ಕಥೆ ನಿಮಗೇ ಗೊತ್ತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ. ಹಾಗಾಗಿ ಮೈಸೂರಿಗೆ ಕೆಲಸಕ್ಕೆ ಹೋಗಿಬರುವ ನಮ್ಮಂಥವರಿಗೆ ಸರ್ವಿಸ್ ರಸ್ತೆಯೇ ದಾರಿ. ಅಲ್ಲಿ ಅಂಚಿನಲ್ಲಿ ನಿಂತ ಮರಳು, ಹಂಪ್ ಮೇಲೆ ಹಂಪ್. ಪ್ರತಿ ಹಂಪ್‌ಗೂ ಗೇರ್ ಇಳಿಸಿ ಮತ್ತೆ ಎಳೆಸಬೇಕು. ಆ ಎಳೆತವೆಲ್ಲ ಬೀಳುವುದು ಚೈನ್ ಮೇಲೆ.

ನಾನು ಈ ಕೆಲಸ ಕಲಿತದ್ದು ಒಂದು ಕೆಟ್ಟ ದಿನದಿಂದ. ಪಾಂಡವಪುರದ ಕಡೆಯಿಂದ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಅದಕ್ಕೆ ಸ್ವಲ್ಪ ದಿನದ ಹಿಂದೆ ಒಂದು ಅಂಗಡಿಯಲ್ಲಿ ಚೈನ್ ಮಾತ್ರ ಹೊಸದು ಹಾಕಿಸಿದ್ದೆ. ಹಲ್ಲಿನ ಚಕ್ರಗಳು ಹಳೆಯವೇ ಇದ್ದವು. ನಡುದಾರಿಯಲ್ಲಿ ಟಕ್ ಎಂದು ಸದ್ದಾಯಿತು. ಗಾಡಿ ಎಳೆಯುವುದೇ ನಿಂತಿತು. ಇಳಿದು ನೋಡಿದರೆ ಚೈನ್‌ನ ಎರಡು ತುದಿ ಸೇರಿಸುವ ಚೈನ್ ಲಾಕ್‌ನ ಕ್ಲಿಪ್ ಹಾರಿಹೋಗಿತ್ತು, ಚೈನ್ ರಸ್ತೆ ಮೇಲೆ ಬಿದ್ದಿತ್ತು. ಅದೃಷ್ಟ, ಅದು ಎಂಜಿನ್ ಪಕ್ಕದಲ್ಲಿ ಸುತ್ತಿಕೊಳ್ಳಲಿಲ್ಲ. ಸುತ್ತಿಕೊಂಡಿದ್ದರೆ ಎಂಜಿನ್ ಕೇಸ್ ಒಡೆಯಬಹುದಿತ್ತು, ಇಲ್ಲವೇ ಹಿಂದಿನ ಚಕ್ರ ಬಿಗಿದು ಇಬ್ಬರೂ ಬೀಳುತ್ತಿದ್ದೆವು. ಗಾಡಿ ತಳ್ಳಿಕೊಂಡು ಹೋದ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಹಳೆಯ ಹಲ್ಲುಗಳನ್ನು ಮುಟ್ಟಿ ನೋಡಿ ಹೇಳಿದರು: "ಮೂರೂ ಒಟ್ಟಿಗೆ ಸವೀತವೆ ಕಣಪ್ಪ, ಮೂರ್ನೂ ಒಟ್ಟಿಗೇ ಹಾಕ್ಬೇಕು. ಮುದಿ ಎತ್ತಿನ ಜೊತೆ ಹೋರಿ ಕಟ್ಟುದ್ರೆ ನೊಗ ನಿಲ್ಲುತ್ತಾ?"

ಆ ಮೂರು ಯಾವುವೆಂದರೆ ಚೈನ್, ಎಂಜಿನ್ ಪಕ್ಕದ ಚಿಕ್ಕ ಸ್ಪ್ರಾಕೆಟ್ (ಹಲ್ಲಿನ ಚಕ್ರ), ಹಿಂದಿನ ಚಕ್ರದ ದೊಡ್ಡ ಸ್ಪ್ರಾಕೆಟ್. ಅಂಗಡಿಯಲ್ಲಿ ಇದಕ್ಕೆ ಚೈನ್ ಸೆಟ್, ಚೈನ್ ಕಿಟ್ ಎನ್ನುತ್ತಾರೆ. ಈ ಲೇಖನ 100ರಿಂದ 150 ಸಿಸಿಯ ದಿನಬಳಕೆಯ ಬೈಕ್‌ಗಳಿಗೆ. ಮೊದಲ ಸಲಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಸಂಜೆ ಕತ್ತಲಾಗುವ ಹೊತ್ತಿಗೆ ಶುರು ಮಾಡಬೇಡಿ.

ಚೈನ್ ಸವೆದಿದೆಯೇ ಎಂದು ನೋಡುವುದು

ಚೈನ್ ಉದ್ದವಾಯಿತು ಎನ್ನುತ್ತೇವಲ್ಲ, ನಿಜವಾಗಿ ಅದರ ಪಟ್ಟಿಗಳು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ ಮತ್ತು ಅದರ ಸುತ್ತ ಒಂದು ಬುಷ್ ಇರುತ್ತದೆ. ಒಳಗೆ ಎಣ್ಣೆ ಒಣಗಿ ಧೂಳು ಸೇರಿದರೆ ಅವೆರಡೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಒಂದೊಂದು ಕೊಂಡಿಯಲ್ಲಿ ಕೂದಲೆಳೆಯಷ್ಟು ಸವೆದರೂ ನೂರಕ್ಕೂ ಹೆಚ್ಚು ಕೊಂಡಿ ಸೇರಿದಾಗ ಚೈನ್ ಸೆಂಟಿಮೀಟರ್ ಲೆಕ್ಕದಲ್ಲಿ ಉದ್ದವಾಗುತ್ತದೆ. ಆಗ ಕೊಂಡಿಗಳ ನಡುವಿನ ಅಂತರ ಹಲ್ಲುಗಳ ನಡುವಿನ ಅಂತರಕ್ಕೆ ಹೊಂದುವುದಿಲ್ಲ. ಚೈನ್ ಹಲ್ಲಿನ ಬುಡ ಬಿಟ್ಟು ತುದಿಗೆ ಏರುತ್ತದೆ, ಹಲ್ಲನ್ನು ಕೊಕ್ಕೆಯ ಹಾಗೆ ತಿನ್ನುತ್ತದೆ. ಅಂಥ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಪರೀಕ್ಷೆಗೆ ಒಂದು ಸ್ಕೇಲ್ ಸಾಕು. ನಮ್ಮ ಬೈಕ್‌ಗಳಲ್ಲಿ ಹೆಚ್ಚಾಗಿ ಇರುವುದು 428 ಚೈನ್. ಮೊದಲ ಅಂಕಿ 4 ಎಂದರೆ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ ಇಂಚಿನ 8ರಲ್ಲಿ 4 ಭಾಗ, ಅಂದರೆ ಅರ್ಧ ಇಂಚು, 12.7 ಮಿ.ಮೀ. ಚೈನ್‌ನ ಕೆಳಗಿನ ಭಾಗವನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ ಎಣಿಸಿ. ಮೊದಲ ಪಿನ್‌ನ ನಡುವಿನಿಂದ 21ನೇ ಪಿನ್‌ನ ನಡುವಿಗೆ 20 ಅಂತರ ಆಗುತ್ತದೆ. ಹೊಸ ಚೈನ್‌ನಲ್ಲಿ ಇದು 254 ಮಿ.ಮೀ. ನಿಮ್ಮದು 259ರ ಹತ್ತಿರ ಬಂದಿದ್ದರೆ ಶೇಕಡಾ 2ರಷ್ಟು ಸವೆದಿದೆ, ಅದರ ಕಾಲ ಮುಗಿಯಿತು. ಒಂದೇ ಕಡೆ ಅಳೆದು ಬಿಡಬೇಡಿ, ಮೂರ್ನಾಲ್ಕು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.

ಸ್ಕೇಲ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಬದಲಾಯಿಸುವುದೇ ಸರಿ. ಹಲ್ಲುಗಳು ಒಂದೇ ಕಡೆಗೆ ಬಾಗಿ ಚೂಪಾಗಿವೆಯೇ, ಚಕ್ರ ಹಿಂದಕ್ಕೆ ಸರಿಸಿ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ತನ್ನ ಕೊನೆಯ ಗೆರೆ ಮುಟ್ಟಿದೆಯೇ ಎಂದೂ ನೋಡಿ. ಕೊಂಡಿ ತೆಗೆದು ಚೈನ್ ಗಿಡ್ಡ ಮಾಡಿ ಇನ್ನೊಂದಷ್ಟು ದಿನ ಓಡಿಸುವ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಉದ್ದ ಕಡಿಮೆ ಆಗುತ್ತದೆ, ಸವೆತ ಹೋಗುವುದಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳನ್ನು ನೋಡಿದವರಿಗೆ ನೆನಪಿರಬಹುದು. ಆ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಅವುಗಳಲ್ಲಿ ಚೈನ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು, ಧೂಳಿಗೆ ದಾರಿಯೇ ಕಡಿಮೆ. ಈಗಲೂ ಕೆಲವು ದಿನಬಳಕೆಯ ಬೈಕ್‌ಗಳಿಗೆ ಪೂರ್ತಿ ಚೈನ್ ಕವರ್ ಬರುತ್ತದೆ. ನಿಮ್ಮ ಗಾಡಿಗೆ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ತೆಗೆಸಬೇಡಿ. ನಮ್ಮ ರಸ್ತೆಗೆ ಅದಕ್ಕಿಂತ ಒಳ್ಳೆ ಕಾವಲು ಇಲ್ಲ.

ಸೆಟ್ ತರುವಾಗ

ಮಾಡೆಲ್ ಹೆಸರು ಮಾತ್ರ ಹೇಳಿದರೆ ಸಾಲದು, ವರ್ಷವನ್ನೂ ಹೇಳಿ. ಒಂದೇ ಹೆಸರಿನ ಬೈಕ್‌ಗೆ ಬೇರೆ ಬೇರೆ ವರ್ಷ ಬೇರೆ ಹಲ್ಲಿನ ಲೆಕ್ಕ ಇರುತ್ತದೆ. ಹಳೆಯ ಸ್ಪ್ರಾಕೆಟ್ ಮೇಲೆ ಹಲ್ಲಿನ ಸಂಖ್ಯೆ ಒತ್ತಿರುತ್ತಾರೆ, ಅದನ್ನು ಫೋನ್‌ನಲ್ಲಿ ಫೋಟೊ ಹಿಡಿದುಕೊಂಡು ಹೋಗಿ. ಕಂಪನಿಯ ಬಿಡಿಭಾಗ ಸಿಕ್ಕರೆ ಅದೇ ತನ್ನಿ. ಇಲ್ಲದಿದ್ದರೆ ರೋಲಾನ್, ಡೈಮಂಡ್‌ನಂಥ ಹೆಸರಿರುವ ಚೈನ್ ತನ್ನಿ. ಪೊಟ್ಟಣ ಅಂಗಡಿಯಲ್ಲೇ ಬಿಚ್ಚಿ, ಮೂರೂ ಇವೆಯೇ, ಚೈನ್ ಲಾಕ್ ಇದೆಯೇ ನೋಡಿ. ಹಿಂದಿನ ಸ್ಪ್ರಾಕೆಟ್‌ಗೆ ಲಾಕ್ ವಾಷರ್ (ನಟ್ಟು ಸಡಿಲವಾಗದಂತೆ ಮಡಚುವ ತಗಡು) ಮತ್ತು ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯುವ ಟಾರ್ಕ್ ರಾಡ್‌ನ ಸ್ಪ್ಲಿಟ್ ಪಿನ್ ಹೊಸದು ಕೇಳಿ ತನ್ನಿ. ಕೆಲವೇ ರೂಪಾಯಿಯ ಸಾಮಾನು. ಒಮ್ಮೆ ಮಡಚಿ ಬಿಡಿಸಿದ ತಗಡು ಮತ್ತೆ ಮಡಚಿದರೆ ಮುರಿಯುತ್ತದೆ.

ಹಲ್ಲಿನ ಲೆಕ್ಕ ಬದಲಾಯಿಸಿ ಎಂದು ಯಾರಾದರೂ ಹೇಳಬಹುದು. ಮುಂದೆ 14, ಹಿಂದೆ 42 ಇದ್ದರೆ ಎಂಜಿನ್ ಕಡೆಯ ಸ್ಪ್ರಾಕೆಟ್ 3 ಸುತ್ತು ಸುತ್ತಿದಾಗ ಚಕ್ರ 1 ಸುತ್ತು. ಮುಂದೆ 15 ಹಾಕಿದರೆ 2.8 ಸುತ್ತಿಗೇ 1 ಸುತ್ತು. ವೇಗ ಸ್ವಲ್ಪ ಸಿಗಬಹುದು, ಆದರೆ ಕಬ್ಬಿನ ಜಲ್ಲೆಯನ್ನೋ ಗೊಬ್ಬರದ ಮೂಟೆಯನ್ನೋ ಹೇರಿಕೊಂಡು ಏರಿ ಹತ್ತುವಾಗ ಎಳೆತ ಕಡಿಮೆ. ಕಂಪನಿ ಕೊಟ್ಟ ಲೆಕ್ಕವೇ ಇರಲಿ.

ಬೇಕಾದ ಸಾಮಾನು: ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಮತ್ತು ಉದ್ದ ಹಿಡಿ, ನೋಸ್ ಪ್ಲೈಯರ್, ಸ್ಕ್ರೂಡ್ರೈವರ್, ಸುತ್ತಿಗೆ, ಒಂದು ಮರದ ತುಂಡು, ಉಳಿ, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಷ್, ಗ್ರೀಸ್, 90 ನಂಬರ್ ಗೇರ್ ಎಣ್ಣೆ, ಹಳೆ ಬಟ್ಟೆ, ನೆಲಕ್ಕೆ ಹಾಸಲು ಗೋಣಿಚೀಲ. ಬಿಚ್ಚಿದ ನಟ್ಟು ಬೋಲ್ಟು ಹಾಕಲು ಒಂದು ಸ್ಟೀಲ್ ತಟ್ಟೆ ಇರಲಿ. ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಡಿ. ಒಬ್ಬರು ಬ್ರೇಕ್ ತುಳಿದು ಹಿಡಿಯಲು ಬೇಕು, ಮನೆಯಲ್ಲಿ ಯಾರಾದರೂ ಸರಿ.

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಗೇರ್‌ನಲ್ಲಿ ಚಕ್ರ ತಿರುಗಿಸುತ್ತ ಚೈನ್‌ಗೆ ಬಟ್ಟೆಯಾಗಲಿ ಬ್ರಷ್ ಆಗಲಿ ಹಿಡಿಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆ ಬೆರಳು ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ತುಂಡಾಗುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಮಕ್ಕಳನ್ನು ದೂರ ಇಡಿ.

ಮುಂದಿನ ಸ್ಪ್ರಾಕೆಟ್ ಮೊದಲು ಸಡಿಲಿಸಬೇಕು

ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಮೊದಲು ಚೈನ್ ಕಳಚಿಬಿಡುತ್ತಾರೆ, ಆಮೇಲೆ ಮುಂದಿನ ಬೋಲ್ಟ್ ತಿರುಗಿಸಲು ಹೋದರೆ ಸ್ಪ್ರಾಕೆಟ್ಟೇ ಸುತ್ತುತ್ತದೆ. ಚೈನ್ ಇರುವಾಗಲೇ ಅದನ್ನು ಸಡಿಲಿಸಿ.

ಬೈಕನ್ನು ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಆರಿರಲಿ. ಗೇರ್ ಲಿವರ್ ಬಿಚ್ಚುವ ಮೊದಲು ಲಿವರ್‌ಗೂ ಅದರ ಶಾಫ್ಟ್‌ಗೂ ಸೇರಿಸಿ ಒಂದು ಬಣ್ಣದ ಗುರುತು ಹಾಕಿ, ಮತ್ತೆ ಅದೇ ಎತ್ತರಕ್ಕೆ ಕೂರಿಸಲು ಸುಲಭ. ಎಡಗಡೆಯ ಚಿಕ್ಕ ಕವರ್ ತೆಗೆಯಿರಿ. ಒಳಗೆ ಎಣ್ಣೆ, ಧೂಳು ಸೇರಿ ಕಪ್ಪು ಮುದ್ದೆ ಆಗಿರುತ್ತದೆ. ಕಡ್ಡಿಯಲ್ಲಿ ಕೆರೆದು ತೆಗೆಯಿರಿ, ಸೀಮೆಎಣ್ಣೆ ಹಚ್ಚಿ ಒರೆಸಿ. ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್‌ಗೆ ಸ್ಕ್ರೂಡ್ರೈವರ್ ತಗುಲಿಸಬೇಡಿ. ಅಲ್ಲಿ ಹಸಿ ಎಣ್ಣೆ ಜಿನುಗುತ್ತಿದ್ದರೆ ಸೀಲ್ ಹೋಗಿದೆ ಎಂದು ಅರ್ಥ. ಹೇಗೂ ಎಲ್ಲ ಬಿಚ್ಚುತ್ತಿದ್ದೀರಿ, ಇದೇ ಸಮಯದಲ್ಲಿ ಅದನ್ನೂ ಮಾಡಿಸಿಕೊಳ್ಳಿ.

ಈಗ ಬಿಚ್ಚಿದ ಲಿವರನ್ನು ಶಾಫ್ಟ್‌ಗೆ ಸುಮ್ಮನೆ ಸಿಕ್ಕಿಸಿ ಗಾಡಿಯನ್ನು ಟಾಪ್ ಗೇರ್‌ಗೆ ಹಾಕಿ. ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ತುಳಿದಿರಲಿ. ಅನೇಕ ಗಾಡಿಗಳಲ್ಲಿ ಒಂದು ಚಪ್ಪಟೆ ಲಾಕ್ ಪ್ಲೇಟ್, ಅದಕ್ಕೆ ಎರಡು ಚಿಕ್ಕ ಬೋಲ್ಟ್ ಇರುತ್ತವೆ. ಕೆಲವುಗಳಲ್ಲಿ ನಡುವೆ ಒಂದೇ ದೊಡ್ಡ ನಟ್ಟು, ಅದರ ಮೇಲೆ ಮಡಚಿದ ವಾಷರ್. ಮಡಚಿದ್ದನ್ನು ಉಳಿಯಿಂದ ಬಿಡಿಸದೆ ನಟ್ಟಿಗೆ ಬಲ ಹಾಕಬೇಡಿ. ಸಡಿಲಾದರೆ ಸಾಕು, ಪೂರ್ತಿ ತೆಗೆಯುವುದು ಆಮೇಲೆ.

ಚೈನ್ ಮತ್ತು ಚಕ್ರ ಕಳಚುವುದು

ಗೇರ್ ನ್ಯೂಟ್ರಲ್‌ಗೆ ತನ್ನಿ. ಚೈನ್ ಕವರ್ ಬಿಚ್ಚಿ. ಚಕ್ರ ತಿರುಗಿಸುತ್ತ ಚೈನ್ ಲಾಕ್ ಹುಡುಕಿ, ಅದನ್ನು ಹಿಂದಿನ ಸ್ಪ್ರಾಕೆಟ್ ಮೇಲೆ ತಂದು ನಿಲ್ಲಿಸಿ. ಅಲ್ಲಿ ಚೈನ್ ಅಲುಗಾಡುವುದಿಲ್ಲ, ಕೆಲಸ ಸುಲಭ. ನೋಸ್ ಪ್ಲೈಯರ್‌ನ ಒಂದು ತುದಿಯನ್ನು ಕ್ಲಿಪ್‌ನ ಸೀಳಿದ ಬಾಯಿಗೆ, ಇನ್ನೊಂದನ್ನು ಪಿನ್‌ಗೆ ಕೊಟ್ಟು ಒತ್ತಿದರೆ ಕ್ಲಿಪ್ ಜಾರಿ ಬರುತ್ತದೆ. ಹಾರಿ ಕಣ್ಣಿಗೆ ಬೀಳದಂತೆ ಮೇಲೊಂದು ಬೆರಳಿಡಿ. ಪಟ್ಟಿ ತೆಗೆದು ಲಾಕ್ ಹಿಂದಕ್ಕೆ ತಳ್ಳಿ, ಚೈನ್ ಎಳೆದುಕೊಳ್ಳಿ. ಕ್ಲಿಪ್ ಇಲ್ಲದೆ ರಿವೆಟ್ ಹೊಡೆದ ಚೈನ್ ಇದ್ದರೆ ಅದಕ್ಕೆ ಬೇರೆ ಸಾಧನ ಬೇಕು. ಸುತ್ತಿಗೆಯಿಂದ ರಿವೆಟ್ ಕೂರಿಸಲು ಹೋಗಬೇಡಿ, ಅಂಥ ಗಾಡಿಯನ್ನು ಸಾಧನ ಇರುವ ಕಡೆಗೇ ಒಯ್ಯಿರಿ.

ಹಿಂದಿನ ಚಕ್ರಕ್ಕೆ ಬನ್ನಿ. ಬಿಚ್ಚುವ ಮೊದಲು ಎಡಕ್ಕೊಂದು ಬಲಕ್ಕೊಂದು ಫೋಟೊ ತೆಗೆಯಿರಿ. ಯಾವ ಬುಷ್ ಯಾವ ಕಡೆ ಎಂಬುದು ಜೋಡಿಸುವಾಗ ಮರೆತೇ ಹೋಗುತ್ತದೆ. ಡ್ರಮ್ ಬ್ರೇಕ್ ಆದರೆ ಬ್ರೇಕ್ ರಾಡ್‌ನ ನಟ್ಟು, ಆಮೇಲೆ ಟಾರ್ಕ್ ರಾಡ್, ಆಮೇಲೆ ಆಕ್ಸೆಲ್ ನಟ್ಟು. ಅಡ್ಜಸ್ಟರ್ ಸಡಿಲಿಸಿ ಆಕ್ಸೆಲ್ ಎಳೆಯಿರಿ. ಬರದಿದ್ದರೆ ಮರದ ತುಂಡಿಟ್ಟು ತಟ್ಟಿ, ನೇರವಾಗಿ ಸುತ್ತಿಗೆ ಹೊಡೆದರೆ ಥ್ರೆಡ್ ಹಾಳು. ಕೆಲವು ಗಾಡಿಗಳಲ್ಲಿ ಆಕ್ಸೆಲ್ ಎಳೆದರೆ ಚಕ್ರ ಮಾತ್ರ ಬರುತ್ತದೆ, ಸ್ಪ್ರಾಕೆಟ್ ಅಲ್ಲೇ ಉಳಿಯುತ್ತದೆ. ಅದನ್ನು ಹಿಡಿದಿರುವುದು ಎಡಗಡೆಯ ದೊಡ್ಡ ಸ್ಲೀವ್ ನಟ್ಟು, ಅದನ್ನೂ ಬಿಚ್ಚಿ. ಹಿಂದೆ ಡಿಸ್ಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಪೆಡಲ್ ಮುಟ್ಟಬೇಡಿ, ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ.

ಚಕ್ರ ಕೈಯಲ್ಲಿರುವಾಗ ಎರಡು ನಿಮಿಷ ಹೆಚ್ಚು ಕೊಡಿ. ಹಬ್ ಒಳಗಿನ ರಬ್ಬರ್‌ಗಳನ್ನು ನೋಡಿ. ಗೇರ್ ಬದಲಾಯಿಸುವಾಗಿನ ಹೊಡೆತ ತಾಳಿಕೊಳ್ಳುವುದು ಅವೇ. ಒಡೆದಿದ್ದರೆ, ಸ್ಪ್ರಾಕೆಟ್ ಹಿಂದೆ ಮುಂದೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ಹೊಸದು ಹಾಕಿ. ಬೇರಿಂಗ್ ಒಳಗೆ ಬೆರಳಿಟ್ಟು ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಎಂದರೆ ಅದೂ ಹೋಗಿದೆ. ನಮ್ಮ ಕಡೆ ನಾಲೆ ನೀರಿನಲ್ಲಿ ಗಾಡಿ ತೊಳೆಯುವ ಅಭ್ಯಾಸ ಜಾಸ್ತಿ. ಬೇರಿಂಗ್‌ಗೆ ನೀರು ಇಳಿದು ಗ್ರೀಸ್ ಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹೊಸದನ್ನು ಜೋಡಿಸುವುದು

ಹಳೆಯ ಮತ್ತು ಹೊಸ ಸ್ಪ್ರಾಕೆಟ್ ಒಂದರ ಮೇಲೊಂದು ಇಟ್ಟು ನೋಡಿ. ನಡುವಿನ ತೂತು, ಬೋಲ್ಟ್ ತೂತು, ಹಲ್ಲಿನ ಲೆಕ್ಕ ಎಲ್ಲ ಒಂದೇ ಇರಬೇಕು. ಸವೆದದ್ದು ಎಷ್ಟು ಎಂಬುದೂ ಆಗ ಕಣ್ಣಿಗೆ ಕಟ್ಟುತ್ತದೆ. ಹಿಂದಿನ ಸ್ಪ್ರಾಕೆಟ್ ಕೂರುವ ಜಾಗದಲ್ಲಿ ತುಕ್ಕು, ಮಣ್ಣು ಒಂದಿಷ್ಟೂ ಇರಬಾರದು. ಅಲ್ಲಿ ಒಂದು ಮರಳಿನ ಹರಳು ಉಳಿದರೂ ಸ್ಪ್ರಾಕೆಟ್ ಸೊಟ್ಟ ಕೂರುತ್ತದೆ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಹೊಸ ಲಾಕ್ ವಾಷರ್ ಮಡಚಿ.

ಮುಂದಿನ ಸ್ಪ್ರಾಕೆಟ್ ಹಾಕುವಾಗ ಹಳೆಯದು ಯಾವ ಮುಖ ಹೊರಗೆ ಇತ್ತೋ ಹೊಸದೂ ಹಾಗೇ ಇರಲಿ. ಲಾಕ್ ಪ್ಲೇಟ್ ಇರುವ ಗಾಡಿಯಲ್ಲಿ ಪ್ಲೇಟ್ ಒಳಗೆ ತಳ್ಳಿ, ಗಾಡಿಗೆ ತಕ್ಕಂತೆ ಸ್ವಲ್ಪ ತಿರುಗಿಸಿ, ತೂತುಗಳು ಕೂಡಿದಾಗ ಬೋಲ್ಟ್ ಹಾಕಿ. ಕೊನೆಯ ಬಿಗಿತ ಚೈನ್ ಹಾಕಿದ ಮೇಲೆ, ಮತ್ತೆ ಗೇರ್ ಹಾಕಿ ಬ್ರೇಕ್ ತುಳಿಸಿ ಕೊಡಿ. ಇದನ್ನು ಮರೆಯುವವರು ಬಹಳ ಜನ.

ಆಕ್ಸೆಲ್ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ ಚಕ್ರ ಕೂರಿಸಿ. ಅಡ್ಜಸ್ಟರ್ ಪೂರ್ತಿ ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿ. ಹೊಸ ಚೈನ್ ಗಿಡ್ಡ ಇರುತ್ತದೆ, ಜಾಗ ಬೇಕು. ಚೈನ್ ನೆಲಕ್ಕೆ ಮುಟ್ಟಿಸದೆ ಮುಂದಿನ ಸ್ಪ್ರಾಕೆಟ್ ಸುತ್ತಿಸಿ ತನ್ನಿ, ಎರಡು ತುದಿಗಳನ್ನೂ ಹಿಂದಿನ ಸ್ಪ್ರಾಕೆಟ್ ಮೇಲೆ ಹತ್ತಿರದ ಹಲ್ಲುಗಳಿಗೆ ಕೂರಿಸಿ. ಲಾಕ್ ಒಳಗಿನಿಂದ ಹೊರಗೆ ತಳ್ಳಿ, ಪಟ್ಟಿ ಹಾಕಿ, ಕ್ಲಿಪ್ ಕೂರಿಸಿ.

ಈ ಕ್ಲಿಪ್ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು, ನಮ್ಮಪ್ಪನನ್ನು ನಡುದಾರಿಯಲ್ಲಿ ಇಳಿಸಿದ್ದು ಇದೇ ತುಂಡು. ಕ್ಲಿಪ್‌ಗೆ ಒಂದು ಕಡೆ ಮುಚ್ಚಿದ ತುದಿ, ಇನ್ನೊಂದು ಕಡೆ ಸೀಳಿದ ಬಾಯಿ. ಚೈನ್ ಯಾವ ಕಡೆ ಓಡುತ್ತದೋ ಮುಚ್ಚಿದ ತುದಿ ಆ ಕಡೆಗೆ ಇರಬೇಕು. ಗಾಡಿ ಮುಂದೆ ಹೋಗುವಾಗ ಚೈನ್‌ನ ಮೇಲಿನ ಸಾಲು ಎಂಜಿನ್ ಕಡೆಗೆ ಓಡುತ್ತದೆ, ಕೆಳಗಿನ ಸಾಲು ಹಿಂದಿನ ಚಕ್ರದ ಕಡೆಗೆ. ಹಾಗಾಗಿ ಕ್ಲಿಪ್ ಮೇಲಿನ ಸಾಲಿನಲ್ಲಿದ್ದಾಗ ಮುಚ್ಚಿದ ತುದಿ ಎಂಜಿನ್ ಕಡೆ ನೋಡಬೇಕು. ಉಲ್ಟಾ ಹಾಕಿದರೆ ಕಲ್ಲೋ ಕಡ್ಡಿಯೋ ಸೀಳಿದ ಬಾಯಿಗೆ ತಗುಲಿ ಕ್ಲಿಪ್ ಹಾರುತ್ತದೆ. ಎರಡೂ ಪಿನ್‌ಗಳ ಕಚ್ಚಿನಲ್ಲಿ ಟಕ್ ಎಂದು ಕೂತಿರಬೇಕು. ಉಗುರಿನಿಂದ ಅಲ್ಲಾಡಿಸಿ ನೋಡಿ. ಹಳೆಯ ಕ್ಲಿಪ್ ಮತ್ತೆ ಬಳಸಬೇಡಿ.

ಸಡಿಲ ಮತ್ತು ನೇರ

ನಟ್ಟು ಬಿಚ್ಚಿ ಹಾಕುವುದು ಯಾರಾದರೂ ಮಾಡುತ್ತಾರೆ. ಸೆಟ್ ಎಷ್ಟು ದಿನ ಬಾಳುತ್ತದೆ ಎಂಬುದು ಮುಂದಿನ ಅರ್ಧ ಗಂಟೆಯ ಮೇಲೆ ನಿಂತಿದೆ.

ಕೆಳಗಿನ ಸಾಲಿನ ನಡುಮಧ್ಯ ಚೈನ್ ಹಿಡಿದು ಮೇಲೆ ಕೆಳಗೆ ಆಡಿಸಿ. ದಿನಬಳಕೆಯ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲೋ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲೋ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಚಕ್ರವನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ನೋಡಿ. ಎಲ್ಲಿ ತುಂಬ ಬಿಗಿ ಇದೆಯೋ ಆ ಜಾಗದಲ್ಲಿ ಅಳತೆ ಹಿಡಿಯಬೇಕು. ಬಿಗಿ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಇಬ್ಬರು ಕೂತು ಹಂಪ್ ಹಾರಿದಾಗ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆದ್ದು ಚೈನ್ ಇನ್ನೂ ಬಿಗಿಯಾಗುತ್ತದೆ. ಆಗ ಎಂಜಿನ್ ಶಾಫ್ಟ್‌ನ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ತುಂಬ ಸಡಿಲವಾದರೆ ಹಲ್ಲಿನಿಂದ ಹಾರುತ್ತದೆ. ಎರಡರಲ್ಲಿ ಒಂದು ಆಗಲೇಬೇಕಿದ್ದರೆ ಕೂದಲೆಳೆ ಸಡಿಲ ಇರಲಿ.

ನೇರ ನೋಡಲು ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನೇ ನಂಬಬೇಡಿ, ಎರಡೂ ಕಡೆ ಒಂದೇ ಸಮ ಇರುತ್ತವೆ ಎನ್ನುವಂತಿಲ್ಲ. ಗಟ್ಟಿ ದಾರ ತೆಗೆದುಕೊಂಡು ಸ್ವಿಂಗ್ ಆರ್ಮ್‌ನ ಮುಂದಿನ ಬೋಲ್ಟ್‌ನ ನಡುವಿನಿಂದ ಆಕ್ಸೆಲ್‌ನ ನಡುವಿನವರೆಗೆ ಅಳೆದು ಗಂಟು ಹಾಕಿ. ಅದೇ ದಾರ ಇನ್ನೊಂದು ಕಡೆ ಹಿಡಿಯಿರಿ. ಗಂಟು ಅಲ್ಲೇ ಬೀಳಬೇಕು. ಆಮೇಲೆ ಗಾಡಿಯ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ ಚೈನ್‌ನ ಮೇಲಿನ ಸಾಲನ್ನು ನೇಗಿಲ ಸಾಲು ನೋಡುವ ಹಾಗೆ ನೋಡಿ. ಬಾಗಿಲ್ಲದೆ ನೇರ ಹೋಗಬೇಕು. ಹಳೆಯ ಸ್ಪ್ರಾಕೆಟ್‌ನ ಹಲ್ಲುಗಳು ಒಂದೇ ಬದಿಯಲ್ಲಿ ಉಜ್ಜಿ ಹೊಳೆಯುತ್ತಿದ್ದರೆ ಇಷ್ಟು ದಿನ ಚಕ್ರ ಸೊಟ್ಟ ಇತ್ತು ಎಂದು ತಿಳಿಯಿರಿ.

ಆಕ್ಸೆಲ್ ನಟ್ಟು ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ಸಡಿಲ ಅಳೆಯಿರಿ. ಬಿಗಿಯುವಾಗ ಚಕ್ರ ಸ್ವಲ್ಪ ಜರುಗಿ ಅಳತೆ ತಪ್ಪುವುದುಂಟು, ನನಗೆ ಪ್ರತಿ ಸಲವೂ ಒಮ್ಮೆಯಾದರೂ ಮತ್ತೆ ಸಡಿಲಿಸಿ ಸರಿಮಾಡಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಟಾರ್ಕ್ ರಾಡ್ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಇದು ಬಿಟ್ಟುಹೋದರೆ ಬ್ರೇಕ್ ಹಿಡಿದಾಗ ಬ್ರೇಕ್ ಪ್ಲೇಟೇ ತಿರುಗಿ ಅಪಾಯ ಆಗುತ್ತದೆ. ಬ್ರೇಕ್ ರಾಡ್ ಸರಿಮಾಡಿ, ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿ. ಡಿಸ್ಕ್ ಇದ್ದರೆ ಓಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ.

ಓಡಿಸಿದ ಮೇಲೆ

ಮೊದಲು ಮನೆ ಮುಂದಿನ ಬೀದಿಯಲ್ಲಿ ನಿಧಾನವಾಗಿ ಎರಡು ಸುತ್ತು ಹೋಗಿ, ಹಿಂದೆ ಯಾರನ್ನೂ ಕೂರಿಸಬೇಡಿ. ಇಳಿದು ಕ್ಲಿಪ್, ಆಕ್ಸೆಲ್ ನಟ್ಟು, ಮುಂದಿನ ಸ್ಪ್ರಾಕೆಟ್ ಬೋಲ್ಟ್ ಮೂರನ್ನೂ ಮುಟ್ಟಿ ನೋಡಿ. ಹೊಸ ಚೈನ್ ಮೊದಮೊದಲು ಸ್ವಲ್ಪ ಸಡಿಲವಾಗುವುದು ಸಹಜ. 200–300 ಕಿ.ಮೀ. ಆದ ಮೇಲೆ ಮತ್ತೆ ಅಳೆದು ಸರಿಮಾಡಿ. ಬದಲಾಯಿಸಿದ ದಿನದ ಮೀಟರ್ ಸಂಖ್ಯೆಯನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅವತ್ತೇ, ಸೀಮೆಎಣ್ಣೆಯಲ್ಲಿ ಒರೆಸಿ 90 ನಂಬರ್ ಎಣ್ಣೆಯನ್ನು ಚೈನ್‌ನ ಒಳಬದಿಗೆ ಹನಿಹನಿಯಾಗಿ ಬಿಡಿ. ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಸಂಜೆ ಹಾಕಿದರೆ ರಾತ್ರಿಯೆಲ್ಲ ಒಳಗೆ ಇಳಿಯುತ್ತದೆ. ಬೆಳಗ್ಗೆ ಹೊರಗೆ ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಹೊರಗೆ ಜಿಡ್ಡು ಉಳಿದರೆ ಸರ್ವಿಸ್ ರಸ್ತೆಯ ಮರಳೆಲ್ಲ ಅದಕ್ಕೇ ಅಂಟುತ್ತದೆ. ಕೊಂಡಿಗಳಲ್ಲಿ ಓ ರಿಂಗ್ (ರಬ್ಬರ್ ಉಂಗುರ) ಇರುವ ಚೈನ್ ಆದರೆ ಪೆಟ್ರೋಲ್ ಮತ್ತು ತಂತಿ ಬ್ರಷ್ ಎರಡನ್ನೂ ದೂರ ಇಡಿ, ರಬ್ಬರ್ ಹಾಳಾಗುತ್ತದೆ.

ತೊಳೆದ ಕಪ್ಪು ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ನಮ್ಮ ಊರಿನಲ್ಲಿ ಚರಂಡಿ ನೀರು ನಾಲೆಗೋ ಗದ್ದೆಗೋ ಸೇರುತ್ತದೆ. ಹಳೆ ಬಾಟಲಿಯಲ್ಲಿ ತುಂಬಿ ಹಳೆ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹಳೆಯ ಚೈನ್ ಮತ್ತು ಸ್ಪ್ರಾಕೆಟ್ ಗುಜರಿಗೆ ಹೋಗಲಿ.